ತೆಕ್ಕೇಕಡವಿಗೆ ಬಂದ ಪತ್ರಕರ್ತ

ಶಿವನಂಜಪ್ಪ ಒಂದು ದಿನದ ಮಟ್ಟಿಗೆ ಪತ್ರಕರ್ತನಾಗಬೇಕಾಗಿ ಬಂದದ್ದು ಮಗಳ ಜಾತಕ ಕೂಡಿಬಂದದ್ದರಿಂದ. ಕೂಡದೆ ಹೋಗಿದ್ದರೆ ಆ ಮಂಗಳವಾರವೂ ಅವನು ಎಂದಿನಂತೆ ಕಲ್ಲಿಕೋಟೆ ಘಾಟಿಯ ಮೇಲಿನ ಪುಲ್ಪಳ್ಳಿಯ ತನ್ನ ಅಂಗಡಿಯಲ್ಲಿ ಕುಳಿತು, ರೈತರು ತಂದ ಕಾಳುಮೆಣಸನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಇದಿನ್ನೂ ಒಣಗಬೇಕು ಎನ್ನುತ್ತಿದ್ದ. ಮೂವತ್ತು ವರ್ಷದಿಂದ ಅವನ ಅಂಗಡಿಗೆ ಒಣಗಿದ ಮೆಣಸು ಬಂದೇ ಇಲ್ಲ.

ಹುಡುಗನ ಹೆಸರು ಭರತ್. ಕಲ್ಲಿಕೋಟೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಾನೆ. ಅವನ ತಾತ ಗುಂಡ್ಲುಪೇಟೆ ಕಡೆಯಿಂದ ಚೆಂಡುಹೂವಿನ ಲಾರಿಯಲ್ಲಿ ಕುಳಿತು ಘಾಟಿ ಇಳಿದವನು ಮತ್ತೆ ಹತ್ತಲಿಲ್ಲ. ತಂದೆ ಕರಿಯಪ್ಪ ಹೂವಿನ ವ್ಯಾಪಾರವನ್ನು ಬೆಳೆಸಿ, ನಗರದ ಅಂಚಿನಲ್ಲಿ ಸಮುದ್ರಕ್ಕೆ ಒರಗಿಕೊಂಡಿರುವ ತೆಕ್ಕೇಕಡವು ಎಂಬ ಬಡಾವಣೆಯಲ್ಲಿ ಮನೆ ಕಟ್ಟಿದ್ದ. ಮನೆಯಲ್ಲಿ ಕನ್ನಡ ಮಾತು, ಮೀನು ಮುಟ್ಟದ ಅಡುಗೆ. ಮದುವೆ ದಲ್ಲಾಳಿ ಇಷ್ಟು ಹೇಳಿ ಫೋಟೋ ಇಟ್ಟುಹೋದ. ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು.

ಶಿವನಂಜಪ್ಪನಿಗೆ ಚಂದನಾ ಒಬ್ಬಳೇ ಮಗಳು. ಬಿ.ಎಡ್. ಮುಗಿಸಿ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹುಡುಗನ ಫೋಟೋ ನೋಡಿ ಅವಳು, ನೀನು ಹೇಳಿದ ಹಾಗೆ ಅಪ್ಪ ಎಂದಿದ್ದಳು. ಅಷ್ಟು ಸುಲಭವಾಗಿ ಒಪ್ಪಿದ್ದೇ ಶಿವನಂಜಪ್ಪನ ಜವಾಬ್ದಾರಿಯನ್ನು ಎರಡು ಪಟ್ಟು ಮಾಡಿತ್ತು. ಫೋಟೋದಲ್ಲಿ ಹುಡುಗ ನಗುತ್ತಿದ್ದ, ನಿಜ. ಆದರೆ ಫೋಟೋ ತೆಗೆಸುವಾಗ ಯಾರು ತಾನೆ ಕುಡಿದು ತೂರಾಡುತ್ತಾರೆ? ಜೊತೆಗೆ ಆ ಸಮುದ್ರ ಬೇರೆ. ಮಳೆಗಾಲದಲ್ಲಿ ಅಲೆಗಳು ಗೋಡೆ ಹಾರಿ ಮನೆಯೊಳಗೆ ಬರುವುದನ್ನು ಅವನು ಟೀವಿಯಲ್ಲಿ ನೋಡಿದ್ದ. ಮಗಳನ್ನು ಎಂಥವನ ಕೈಗೆ, ಎಂಥ ಜಾಗಕ್ಕೆ ಕೊಡುತ್ತಿದ್ದೇನೆ ಎಂಬ ಭಯ ಅವನನ್ನು ಹಿಡಿದುಬಿಟ್ಟಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಈ ಕಡೆ ಇಂಥದ್ದಕ್ಕೆಲ್ಲ ಒಂದು ಕ್ರಮವಿದೆ. ಅದಕ್ಕೆ ಅನ್ವೇಷಣೆ ಎನ್ನುತ್ತಾರೆ. ಮದುವೆ ಮಾತು ಬಂದರೆ ಹುಡುಗಿಯ ಕಡೆಯವರು ಹುಡುಗನ ಬೀದಿಗೆ ಹೋಗಿ, ಮನೆಗೆ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು, ಮಳೆಯ ವಿಷಯದಿಂದ ಶುರುಮಾಡಿ ಮೆಲ್ಲಗೆ ಹುಡುಗನ ವಿಷಯಕ್ಕೆ ಬರುತ್ತಾರೆ. ಹುಡುಗನ ಕಡೆಯವರೂ ಹೀಗೇ ಮಾಡುತ್ತಾರೆ. ಬಂದವನು ಯಾಕೆ ಬಂದಿದ್ದಾನೆಂದು ಚಹಾದಂಗಡಿಯವನಿಗೆ ಮೊದಲ ಗುಟುಕಿನಲ್ಲೇ ತಿಳಿಯುತ್ತದೆ. ತಿಳಿದ ಮೇಲೆ ಅವನು ಹಳೆಯ ಸ್ನೇಹವಿದ್ದರೆ ಹೊಗಳುತ್ತಾನೆ, ಹಳೆಯ ಜಗಳವಿದ್ದರೆ ಮದುವೆ ಮುರಿಯುತ್ತಾನೆ. ನಿಜ ಹೇಳುವ ಪದ್ಧತಿ ಇಲ್ಲ.

ಆದ್ದರಿಂದ ವೇಷ ಬೇಕು ಎಂದು ಶಿವನಂಜಪ್ಪ ಯೋಚಿಸಿದ. ಮಲಯಾಳ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದೊಂದು ವಾರ ಒಂದೊಂದು ಬಡಾವಣೆಯ ಪರಿಚಯ ಬರುತ್ತಿತ್ತು. ತೆಕ್ಕೇಕಡವಿನ ಬಗ್ಗೆ ಬರೆಯಲು ಬಂದ ಪತ್ರಕರ್ತ ತಾನು ಎಂದರೆ ಯಾರ ಮನೆಯ ವಿಷಯವನ್ನಾದರೂ ಕೇಳಬಹುದು. ಚಂದನಾ ಒಳಗಿನ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಈ ಗುಟ್ಟನ್ನು ಜಗಲಿಯ ಮೇಲೆ ಹೆಂಡತಿ ಚಾಮುಂಡಮ್ಮನಿಗೆ ಮಾತ್ರ ಹೇಳಿದ. ಅವಳು, ಬರೆದದ್ದನ್ನು ಅಲ್ಲಿಯವರು ತೋರಿಸಿ ಅಂದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ನಾ ಬರ್ಯದು ಕನ್ನಡ್ದಲ್ಲಿ. ಅಲ್ಲಿ ಯಾರು ಓದಾರು?" ಎಂದ ಶಿವನಂಜಪ್ಪ.

ಮಗಳಿಗೆ ಮಾನಂತವಾಡಿಯ ಕಚೇರಿಗೆ ಹೋಗುತ್ತೇನೆಂದು ಹೇಳಿದ. ಚಂದನಾ ಬುತ್ತಿ ಕಟ್ಟಿಕೊಟ್ಟಳು. ಬಿಸಿಲು ಜಾಸ್ತಿಯಿರುತ್ತದೆ ಎಂದು ತನ್ನ ಟೋಪಿಯನ್ನೂ ಕೊಟ್ಟಳು. ಬೆಳಗಿನ ಮೊದಲ ಬಸ್ಸು ಹತ್ತಿ, ಘಾಟಿಯ ಒಂಬತ್ತು ತಿರುವುಗಳಲ್ಲೂ ಹೊಟ್ಟೆ ಹಿಡಿದುಕೊಂಡು, ಎಂಟೂವರೆಗೆ ಅವನು ತೆಕ್ಕೇಕಡವಿನಲ್ಲಿ ಇಳಿದ. ಕೈಯಲ್ಲಿ ಇನ್ನೂರು ಪುಟದ ನೋಟ್ ಪುಸ್ತಕವಿತ್ತು, ಜೇಬಿನಲ್ಲಿ ಮೂರು ಪೆನ್ನು.

ಬಡಾವಣೆ ಎಂದರೆ ಸಮುದ್ರಕ್ಕೆ ಸಮಾನಾಂತರವಾಗಿ ಮೂರು ಬೀದಿ. ಒಳಗಿನ ಎರಡು ಬೀದಿಗಳ ಮನೆಗಳು ಎಲ್ಲ ಊರಿನ ಮನೆಗಳಂತೆಯೇ ಇದ್ದವು. ಮೂರನೆಯದು ಕಡಲ ರಸ್ತೆ. ಅಲ್ಲಿ ಪ್ರತಿ ಗೇಟಿಗೂ ತುಕ್ಕು ಹಿಡಿದಿತ್ತು. ಹೋದ ತಿಂಗಳು ಬಣ್ಣ ಹೊಡೆಸಿದ ಗೇಟು ಯಾವುದು, ಹೋದ ವರ್ಷ ಹೊಡೆಸಿದ್ದು ಯಾವುದು ಎಂದು ಹೇಳುವಂತಿರಲಿಲ್ಲ. ರಸ್ತೆಯಾಚೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ಮರಳು, ಮರಳಿನಾಚೆ ಆ ನೀರು. ಶಿವನಂಜಪ್ಪ ನೀರಿನ ಕಡೆ ಒಮ್ಮೆ ನೋಡಿ, ಅದು ಎಷ್ಟು ದೂರವಿದೆ ಎಂದು ಹೆಜ್ಜೆಯಲ್ಲಿ ಅಂದಾಜು ಮಾಡಿ, ಪುಸ್ತಕದಲ್ಲಿ 'ನೀರು ಹತ್ತಿರ' ಎಂದು ಬರೆದುಕೊಂಡ.

ಆಮೇಲೆ ಗೋಡೆಯ ಮೇಲೆ ಕುಳಿತ. ಕುಳಿತ ಅರ್ಧ ನಿಮಿಷಕ್ಕೆ ಕೊಡೆ ಹಿಡಿದ ಮುದುಕನೊಬ್ಬ ಬಂದು, ಅದು ವಾಸು ಡಾಕ್ಟರ ಜಾಗ ಎಂದ. ಶಿವನಂಜಪ್ಪ ಕ್ಷಮೆ ಕೇಳಿ ಎರಡು ಮಾರು ಆಚೆ ಸರಿದ. ಅದು ಅಂಚೆ ಕಚೇರಿಯ ಲಕ್ಷ್ಮಿಯಮ್ಮನ ಜಾಗವಂತೆ. ತೆಕ್ಕೇಕಡವಿನ ಗೋಡೆಯ ಮೇಲೆ ಪ್ರತಿ ಮನೆಗೂ ಒಂದು ಜಾಗವಿದೆ, ಸಂಜೆ ಐದರಿಂದ ಏಳರವರೆಗೆ ಆ ಮನೆಯವರು ಅಲ್ಲಿ ಕೂರುತ್ತಾರೆ, ತಂದೆಯ ನಂತರ ಮಗ ಕೂರುತ್ತಾನೆ ಎಂದು ಮುದುಕ ವಿವರಿಸಿದ. ಈಗ ಬೆಳಗಿನ ಹೊತ್ತಲ್ಲವೇ, ವಾಸು ಡಾಕ್ಟರು ಸಂಜೆ ತಾನೆ ಬರುವುದು ಎಂದು ಶಿವನಂಜಪ್ಪ ಕೇಳಿದ. ಡಾಕ್ಟರು ತೀರಿಕೊಂಡು ಮೂರು ವರ್ಷವಾಯಿತು ಎಂದು ಮುದುಕ ಬೇಸರದಿಂದ ಹೇಳಿದ. ಶಿವನಂಜಪ್ಪ ನಿಂತುಕೊಂಡೇ ಬರೆಯತೊಡಗಿದ.

ಅಷ್ಟರಲ್ಲಿ ಬಿಳಿ ಶೂ ಹಾಕಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬಿರಬಿರನೆ ಬಂದರು. ಹೆಸರು ಪ್ರೇಮಲತಾ, ನಿವೃತ್ತ ಟೀಚರ್, ನಿವಾಸಿಗಳ ಸಂಘದ ಕಾರ್ಯದರ್ಶಿ. ಇವನು ಬಾಯಿ ತೆರೆಯುವ ಮೊದಲೇ ಅವರು, ಪತ್ರಿಕೆಯಿಂದ ಬಂದವರಲ್ಲವೇ ಎಂದು ಕೇಳಿದರು. ನೋಟ್ ಪುಸ್ತಕ ಮತ್ತು ಮೂರು ಪೆನ್ನು ತಮ್ಮ ಕೆಲಸ ಮಾಡಿವೆ ಎಂದು ಶಿವನಂಜಪ್ಪ ಒಳಗೊಳಗೇ ಹಿಗ್ಗಿದ.

ಟೀಚರ್ ಅವನನ್ನು ಮೊದಲು ಕರೆದೊಯ್ದದ್ದು ಕುರ್ಚಿಗಳ ಹತ್ತಿರಕ್ಕೆ. ಅಲೆ ಬಂದು ತಿರುಗಿ ಹೋಗುವ ಗೆರೆಯ ಮೇಲೆ ಹದಿನೈದು ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಅವುಗಳಲ್ಲಿ ಬಡಾವಣೆಯ ಹಿರಿಯರು ಬಟ್ಟೆಯನ್ನು ಮಂಡಿಯವರೆಗೆ ಎತ್ತಿಕೊಂಡು, ಕಾಲು ನೀರಿಗೆ ಬಿಟ್ಟು, ಪತ್ರಿಕೆ ಓದುತ್ತ ಕುಳಿತಿದ್ದರು. ಉಪ್ಪುನೀರು ಮಂಡಿನೋವಿಗೆ ಒಳ್ಳೆಯದಂತೆ. ದೊಡ್ಡ ಅಲೆ ಬಂದಾಗ ಹದಿನೈದೂ ಜನ ಒಟ್ಟಿಗೆ ಪತ್ರಿಕೆ ಮೇಲೆತ್ತುತ್ತಿದ್ದರು, ಇಳಿದಾಗ ಒಟ್ಟಿಗೆ ಇಳಿಸುತ್ತಿದ್ದರು. ಬರೆಯುವವರು ಅನುಭವಿಸಿಯೇ ಬರೆಯಬೇಕು ಎಂದು ಟೀಚರ್ ಹದಿನಾರನೆಯ ಕುರ್ಚಿ ತರಿಸಿದರು.

ಕಾಲಡಿಯ ಮರಳು ಜಾರುವುದನ್ನು ಶಿವನಂಜಪ್ಪ ಜೀವನದಲ್ಲಿ ಮೊದಲ ಸಲ ಅನುಭವಿಸಿದ. ಎರಡನೇ ಅಲೆಗೆ ಕುರ್ಚಿಯ ಹಿಂದಿನ ಕಾಲುಗಳು ಹೂತವು. ಮೂರನೆಯದಕ್ಕೆ ಕುರ್ಚಿ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ ಹೋದ. ಪುಸ್ತಕವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಹಿರಿಯರು ಪತ್ರಿಕೆ ಇಳಿಸಿ ನೋಡಿ, ಮೊದಲ ದಿನ ಹೀಗೇ ಆಗುತ್ತದೆ ಎಂದು ಮತ್ತೆ ಓದತೊಡಗಿದರು. ಟೀಚರ್ ಅವನನ್ನು ಎಬ್ಬಿಸುತ್ತ, ಹೀಗೆ ಕುರ್ಚಿ ತೇಲಿಹೋದಾಗ ಈಜಿ ತರುವ ಹುಡುಗನೊಬ್ಬನಿದ್ದಾನೆ ಎಂದರು. ಹೂವಿನ ಕರಿಯಪ್ಪನವರ ಮಗನಂತೆ, ಭರತ್ ಎಂದು ಹೆಸರಂತೆ, ಎದೆಮಟ್ಟದ ನೀರಿಗೂ ಹೆದರದವನಂತೆ, ದಿನಾ ಬೆಳಿಗ್ಗೆ ಹಿರಿಯರನ್ನೆಲ್ಲ ಕೈಹಿಡಿದು ಕೂರಿಸಿಯೇ ಕಾಲೇಜಿಗೆ ಹೋಗುವವನಂತೆ.

ಶಿವನಂಜಪ್ಪನಿಗೆ ಒದ್ದೆ ಪಂಚೆಯ ಚಳಿ ಮರೆತುಹೋಯಿತು. ಕೇಳದೆಯೇ ವಿಷಯ ಬಂದಿತ್ತು. ಇದೇ ಅಲ್ಲವೇ ವೇಷದ ಲಾಭ ಎಂದುಕೊಂಡು ಅವನು ಟೀಚರ್ ನೋಡದಂತೆ ಬರೆದುಕೊಂಡ.

ಗೋಡೆಯ ಬುಡದಲ್ಲಿ ಮಿನಿ ಎಂಬವಳ ಗಾಡಿಯಿತ್ತು. ಗಾಜಿನ ಭರಣಿಗಳಲ್ಲಿ ನೆಲ್ಲಿಕಾಯಿ, ಮಾವು, ಅನಾನಸು, ಕ್ಯಾರೆಟ್ಟು ಎಲ್ಲ ಉಪ್ಪುನೀರಿನಲ್ಲಿ ಮುಳುಗಿದ್ದವು. ಮೇಲೆ ಮೆಣಸಿನಕಾಯಿ ಅರೆದ ಖಾರ ಹಚ್ಚಿ ಕೊಡುತ್ತಾಳೆ. ಈ ಬಡಾವಣೆಯಲ್ಲಿ ಗೋಡೆಯ ಮೇಲೆ ಕುಳಿತು ಇದನ್ನು ತಿನ್ನದೆ ಸೂರ್ಯ ಮುಳುಗುವುದಿಲ್ಲ ಎಂದು ಟೀಚರ್ ಹೇಳಿದರು. ಶಿವನಂಜಪ್ಪ ಒಂದು ನೆಲ್ಲಿಕಾಯಿ ಬಾಯಿಗಿಟ್ಟ. ಖಾರ ನೆತ್ತಿಗೇರಿ ಅವನು ಕಣ್ಣು ಮುಚ್ಚಿ ಕೆಮ್ಮುತ್ತಿರುವಾಗ ಮಿನಿ, ಇಲ್ಲಿ ಸಂಜೆ ಕೆಲವರು ಬಾಟಲಿ ಜೊತೆ ತಿನ್ನಲು ಕೇಳುತ್ತಾರೆ, ಆದರೆ ಭರತ್ ಸಾರ್ ಮಾತ್ರ ಆ ವಾಸನೆ ಬಂದ ಕಡೆ ನಿಲ್ಲುವುದಿಲ್ಲ ಎಂದಳು. ಕಣ್ಣಲ್ಲಿ ನೀರು ಸುರಿಸುತ್ತಲೇ ಅವನು ಅದನ್ನೂ ಬರೆದುಕೊಂಡ.

ಹತ್ತು ಗಂಟೆಗೆ ಬಲೆ ಬಂತು. ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಿಟ್ಟುಬಂದ ಉದ್ದನೆಯ ಬಲೆಯನ್ನು ಎರಡು ಕಡೆಯಿಂದ ಹಗ್ಗ ಹಿಡಿದು ದಡಕ್ಕೆ ಎಳೆಯುವುದು ಅಲ್ಲಿಯ ವಾಡಿಕೆ. ಮೀನುಗಾರರ ಜೊತೆಗೆ ಬಡಾವಣೆಯವರೂ ಕೈಹಾಕುತ್ತಾರೆ. ಡಾಕ್ಟರು, ವಕೀಲರು, ನಡಿಗೆಗೆ ಬಂದವರು, ಯಾರಾದರೂ ಸರಿ. ಒಂದೇ ನಿಯಮ: ಹಗ್ಗ ಮುಟ್ಟಿದವನಿಗೆ ಮೀನಿನಲ್ಲಿ ಪಾಲು. ಕೊಡದೆ ಇರುವಂತಿಲ್ಲ, ತೆಗೆದುಕೊಳ್ಳದೆ ಇರುವಂತಿಲ್ಲ. ತೆಗೆದುಕೊಳ್ಳದೆ ಹೋದರೆ ಮರುದಿನ ಬಲೆಗೆ ಮೀನು ಬೀಳುವುದಿಲ್ಲ ಎಂದು ನಂಬಿಕೆ. ಇದನ್ನು ಯಾರೂ ಶಿವನಂಜಪ್ಪನಿಗೆ ಮೊದಲು ಹೇಳಲಿಲ್ಲ. ಜಾರಿ ಬೀಳುವಂತಾದಾಗ ಅವನು ಆಸರೆಗೆಂದು ಹಿಡಿದುಕೊಂಡದ್ದು ಹಗ್ಗವನ್ನು.

ಹಿಡಿದ ಮೇಲೆ ಬಿಡಲು ಆಗಲಿಲ್ಲ. ಹಿಂದೆ ಇಪ್ಪತ್ತು ಜನ, ಮುಂದೆ ಇಪ್ಪತ್ತು ಜನ ಒಂದೇ ರಾಗದಲ್ಲಿ ಕೂಗುತ್ತ ಎಳೆಯುತ್ತಿದ್ದರು. ಮುಕ್ಕಾಲು ಗಂಟೆ ಎಳೆದಾಗ ಮೆಣಸು ಉಜ್ಜಿ ಅಭ್ಯಾಸವಿದ್ದ ಆ ಅಂಗೈಗಳಲ್ಲಿ ಬೊಬ್ಬೆಗಳು ಎದ್ದವು. ಬಲೆಯ ಯಜಮಾನ ಸುಮೇಶ್ ಪಾಲು ಹಂಚುತ್ತ ಬಂದು, ಇವನ ಮುಂದೆ ಎರಡು ಡಜನ್ ಬಂಗುಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದ. ತನಗೆ ಬೇಡವೆಂದು ಶಿವನಂಜಪ್ಪ ಎರಡೂ ಕೈ ಎತ್ತಿದ. ಸುತ್ತಲಿದ್ದವರ ಮುಖ ಕಪ್ಪಾಯಿತು. ಸುಮೇಶ್ ಮಾತ್ರ ಶಾಂತವಾಗಿ, ಭರತ್ ಕೂಡ ಮೀನು ತಿನ್ನುವವನಲ್ಲ, ಆದರೂ ಪ್ರತಿ ಭಾನುವಾರ ಮುಂದಿನ ಹಗ್ಗ ಹಿಡಿದು, ಪಾಲನ್ನು ಮರ್ಯಾದೆಯಿಂದ ತೆಗೆದುಕೊಂಡು, ಬಡವರ ಮನೆಗೆ ಕೊಟ್ಟುಬರುತ್ತಾನೆ ಎಂದ. ಭಾವೀ ಅಳಿಯನಿಗಿಂತ ಕಡಿಮೆಯಾಗುವುದು ಹೇಗೆ? ಶಿವನಂಜಪ್ಪ ಹುಟ್ಟಿ ಐವತ್ತೆರಡು ವರ್ಷಕ್ಕೆ ಮೊದಲ ಬಾರಿ ಕೈಯಲ್ಲಿ ಮೀನು ಹಿಡಿದ.

ಆಮೇಲೆ ಅವನು ಕಡಲ ರಸ್ತೆಯಲ್ಲಿ ಮನೆಮನೆಯ ಮುಂದೆ ನಿಂತು ಬರೆದುಕೊಳ್ಳುತ್ತ ಹೋದಂತೆ ಹಿಂದೆ ಏಳು ಬೆಕ್ಕುಗಳೂ ಹೋದವು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಡವರ ಮನೆ ಯಾವುದು ಎಂದು ಕೇಳಿದರೆ ಯಾರೂ ತಮ್ಮದು ಎನ್ನಲಿಲ್ಲ.

ಆ ಹೊತ್ತಿಗೆ ಸಂಘದ ಅಧ್ಯಕ್ಷ ಉಣ್ಣಿ ನಾಯರ್ ಬೆಳಗಿನ ರೈಲಿನಲ್ಲಿ ತ್ರಿಶ್ಶೂರಿನ ಮಗಳ ಮನೆಯಿಂದ ವಾಪಸಾಗಿ, ಸ್ನಾನ ಮುಗಿಸಿ ಗೇಟಿಗೆ ಬಂದಿದ್ದ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವನು. ಒದ್ದೆ ಪಂಚೆ, ಹೆಂಗಸರ ಟೋಪಿ, ಕೈಯಲ್ಲಿ ಮೀನು, ಹಿಂದೆ ಬೆಕ್ಕು, ಹೀಗೆ ಒಬ್ಬ ಅಪರಿಚಿತ ತನ್ನ ಮನೆಯ ಮುಂದೆ ನಿಂತು ಏನನ್ನೋ ಬರೆದುಕೊಳ್ಳುತ್ತಿರುವುದನ್ನು ಅವನು ನೋಡಿದ. ಯಾವ ಪತ್ರಿಕೆ ಎಂದು ಕೇಳಿದ. ಶಿವನಂಜಪ್ಪ ಎರಡು ಪತ್ರಿಕೆಗಳ ಹೆಸರನ್ನು ಬೆರೆಸಿ ಮೂರನೆಯದೊಂದನ್ನು ಹೇಳಿದ. ಉಣ್ಣಿ ನಾಯರ್ ಗುರುತಿನ ಚೀಟಿ ಕೇಳಿದ. ಅದು ಸಮುದ್ರಕ್ಕೆ ಬಿತ್ತು ಎಂದ ಇವನು. ಉಣ್ಣಿ ನಾಯರ್ ಅವನ ತೋಳು ಹಿಡಿದು ನೆಟ್ಟಗೆ ಸಂಘದ ಕೋಣೆಗೆ ನಡೆಸಿದ.

ಕೋಣೆಯಲ್ಲಿ ಕ್ಯಾರಂ ಆಡುತ್ತಿದ್ದವರು ಆಟ ಬಿಟ್ಟು ಸುತ್ತ ನಿಂತರು. ಪ್ರೇಮಲತಾ ಟೀಚರ್ ಓಡಿಬಂದರು. ಇವರನ್ನು ನಾನು ಬಲ್ಲೆ, ಬಿಟ್ಟುಬಿಡಿ ಎಂದರು. ಹೇಗೆ ಬಲ್ಲಿರಿ ಎಂದರೆ, ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿದ್ದೆ ಎಂದರು. ಉಣ್ಣಿ ನಾಯರ್ ಪುಸ್ತಕ ತೆರೆದ. ಒಂದಕ್ಷರವೂ ಅರ್ಥವಾಗಲಿಲ್ಲ. ಯಾವ ಮನೆಯಲ್ಲಿ ಯಾರು ಯಾವಾಗ ಇರುವುದಿಲ್ಲ ಎಂದು ಗುಪ್ತ ಲಿಪಿಯಲ್ಲಿ ಬರೆದುಕೊಂಡಿದ್ದಾನೆ, ಕಳ್ಳರ ಕಡೆಯವನು ಎಂದ. ಇದು ಕನ್ನಡ ಎಂದು ಶಿವನಂಜಪ್ಪ ಹೇಳಿದ. ಹೇಳಬಾರದಿತ್ತು ಎಂದು ಅವನಿಗೆ ತಕ್ಷಣವೇ ಹೊಳೆಯಿತು.

"ಕನ್ನಡ ಓದೋರು ನಮ್ಮಲ್ಲೇ ಇದ್ದಾರೆ. ಹೂವಿನ ಕರಿಯಪ್ಪನ್ನ ಕರ್ಕೊಂಡು ಬನ್ನಿ," ಎಂದ ಉಣ್ಣಿ ನಾಯರ್.

ಟೀಚರ ಮುಖ ಬಿಳಿಚಿಕೊಂಡಿತು. ಬೇಡ, ಅವರು ಮಧ್ಯರಾತ್ರಿಗೇ ಎದ್ದು ಹೂವಿನ ಮಂಡಿಗೆ ಹೋಗಿಬಂದು ಮಲಗಿರುತ್ತಾರೆ ಎಂದರು. ಯಾರೂ ಕೇಳಲಿಲ್ಲ. ತನಗಾಗಿ ಇಷ್ಟು ಮರುಗುವ ಜೀವವೊಂದು ಇಲ್ಲಿದೆಯಲ್ಲ ಎಂದು ಶಿವನಂಜಪ್ಪನಿಗೆ ಆ ಸಂಕಟದಲ್ಲೂ ಅನಿಸಿತು.

ಕರಿಯಪ್ಪ ಬಂದ. ದಪ್ಪಗೆ, ಕುಳ್ಳಗೆ, ಊಟದ ಮಧ್ಯೆ ಎದ್ದು ಬಂದವನಂತೆ ಬಲಗೈಯನ್ನು ದೂರ ಹಿಡಿದುಕೊಂಡಿದ್ದ. ಎಡಗೈಯಲ್ಲಿ ಪುಸ್ತಕ ತೆಗೆದುಕೊಂಡು ಕನ್ನಡಕ ಏರಿಸಿದ. ಮೊದಲ ಪುಟದಲ್ಲಿ ಹೀಗಿತ್ತು: 'ನೀರು ಹತ್ತಿರ. ಭರತ್: ಕುರ್ಚಿ ಈಜಿ ತರುತ್ತಾನೆ (ಟೀಚರ್). ಕುಡಿತ ಇಲ್ಲ (ನೆಲ್ಲಿಕಾಯಿಯವಳು). ದಾನಧರ್ಮ ಉಂಟು (ಬಲೆಯವನು). ತಂದೆ ಎಂಥವನು? ತಾಯಿಯ ಬಾಯಿ ಜೋರೋ? ವಿಚಾರಿಸಬೇಕು.'

ಕರಿಯಪ್ಪ ಓದಿದ. ಕಣ್ಣೆತ್ತಿ ಶಿವನಂಜಪ್ಪನನ್ನು ನೋಡಿದ. ಚೀಲವನ್ನು ನೋಡಿದ. ಮತ್ತೊಮ್ಮೆ ಓದಿದ. ಶಿವನಂಜಪ್ಪನ ಕಣ್ಣಿಗೆ ಮಗಳ ಮುಖ ಬಂತು. ನೀನು ಹೇಳಿದ ಹಾಗೆ ಅಪ್ಪ ಎಂದವಳ ಮದುವೆಯನ್ನು ಅಪ್ಪನೇ ಕೈಯಾರೆ ಹಾಳುಮಾಡಿದ್ದಾಯಿತು, ಭೂಮಿ ಬಾಯಿಬಿಡಬಾರದೇ ಎಂದುಕೊಂಡ.

ಕರಿಯಪ್ಪ ಗಂಟಲು ಸರಿಮಾಡಿಕೊಂಡು ಮಲಯಾಳದಲ್ಲಿ ಓದತೊಡಗಿದ. "ತೆಕ್ಕೇಕಡವಿನಲ್ಲಿ ಗೇಟುಗಳಿಗೆ ತುಕ್ಕು ಹಿಡಿಯುತ್ತದೆ, ಜನರಿಗೆ ಹಿಡಿಯುವುದಿಲ್ಲ. ಇಲ್ಲಿ ಗಡಿಯಾರ ಬೇಡ. ಗೋಡೆಯ ಮೇಲೆ ಯಾರು ಬಂದು ಕುಳಿತಿದ್ದಾರೆ ಎಂದು ನೋಡಿದರೆ ಗಂಟೆ ಎಷ್ಟೆಂದು ತಿಳಿಯುತ್ತದೆ. ಸತ್ತವರ ಜಾಗದಲ್ಲಿ ಕೂಡ ಇಲ್ಲಿ ಬೇರೆಯವರು ಕೂರುವುದಿಲ್ಲ."

ಕ್ಯಾರಂನವನೊಬ್ಬ ಕಣ್ಣೊರೆಸಿಕೊಂಡ. ಇಷ್ಟು ಚೆಂದ ತಾನು ಯಾವಾಗ ಬರೆದೆ ಎಂದು ಶಿವನಂಜಪ್ಪನೂ ಒಂದು ಗಳಿಗೆ ಯೋಚಿಸಿದ. ಎಲ್ಲ ಸರಿ, ಸಂಘದ ಅಧ್ಯಕ್ಷರ ಬಗ್ಗೆ ಏನೂ ಇಲ್ಲವಲ್ಲ ಎಂದು ಉಣ್ಣಿ ನಾಯರ್ ಕೇಳಿದ. ಕರಿಯಪ್ಪ ಖಾಲಿ ಪುಟವೊಂದನ್ನು ತಿರುವಿ, ಗಡಿ ಕಾಯ್ದವನೇ ಈಗ ಕಡಲು ಕಾಯುತ್ತಿದ್ದಾನೆ ಎಂಬ ಸಾಲಿನಿಂದ ಶುರುವಾಗುವ ಅರ್ಧ ಪುಟವನ್ನು ಓದಿದ. ಉಣ್ಣಿ ನಾಯರ್ ಶಿವನಂಜಪ್ಪನಿಗೆ ಸೆಲ್ಯೂಟ್ ಹೊಡೆದ. ಕರಿಯಪ್ಪ, ನಮ್ಮ ಭಾಷೆಯವರು, ಬಸ್ಸಿಗೆ ಬಿಟ್ಟುಬರುತ್ತೇನೆ ಎಂದು ಅವನನ್ನು ಹೊರಗೆ ಕರೆದುಕೊಂಡು ಬಂದ.

ಇಬ್ಬರೂ ಗೋಡೆಯ ಮೇಲೆ ಕರಿಯಪ್ಪನ ಮನೆಯ ಜಾಗದಲ್ಲಿ ಕುಳಿತರು. ಮೀನಿನ ಚೀಲವನ್ನು ಕರಿಯಪ್ಪ ಬೆಕ್ಕುಗಳ ಕಡೆ ಸರಿಸಿದ.

"ಪುಲ್ಪಳ್ಳಿ ಶಿವನಂಜಪ್ಪೋರು ಅಲ್ವಾ," ಎಂದ.

"ಹ್ಞೂಂ," ಎಂದ ಶಿವನಂಜಪ್ಪ. "ನಂಗ ಒಬ್ಳೇ ಮಗಳು. ಅದ್ಕೇ ಬಂದಿ. ತಪ್ಪಾಯ್ತು."

"ಯಾಕ ತಪ್ಪು? ಹೋದ ಬುಧವಾರ ನಾ ನಿಮ್ಮೂರ್ಗ ಬಂದಿದ್ದಿ. ರೆಸಾರ್ಟ್‌ಗ ಜಾಗ ಹುಡುಕ್ತಾ ಇವ್ನಿ ಅಂತ ಹೇಳ್ಕಂಡು. ನಿಮ್ಮಂಗಡಿ ಎದ್ರುಗೇ ಎರಡು ಚಾ ಕುಡ್ದಿ." ಕರಿಯಪ್ಪ ಸೇರಿಸಿದ. "ನಮ್ಮನೆಯವ್ಳ ಬಾಯಿ ವಸಿ ಜೋರೇಯ. 'ವಿಚಾರಿಸಬೇಕು' ಅಂತ ಬರ್ದಿದ್ರಲ್ಲ."

ಶಿವನಂಜಪ್ಪನ ಎದೆಯ ಮೇಲಿದ್ದ ಮೂಟೆ ಇಳಿದಂತಾಯಿತು. ಇಂಥ ಬೀಗರು ಸಿಕ್ಕುವುದು ಪುಣ್ಯ ಎನಿಸಿತು. ಆ ಸಂತೋಷದಲ್ಲಿ, ನಿಮ್ಮ ಮಗನ ವಿಷಯದಲ್ಲಿ ಇನ್ನು ನನಗೆ ಅನುಮಾನವೇ ಇಲ್ಲ, ಎದೆಮಟ್ಟದ ಅಲೆಗೆ ಹಾರಿ ಕುರ್ಚಿ ತರುವ ಹುಡುಗನ ಜೊತೆ ಮಗಳು ಸಮುದ್ರದ ಪಕ್ಕ ಇದ್ದರೂ ಭಯವಿಲ್ಲ ಎಂದ.

ಕರಿಯಪ್ಪ ಅವನನ್ನು ವಿಚಿತ್ರವಾಗಿ ನೋಡಿದ. ತನ್ನ ಮಗನಿಗೆ ಈಜು ಬರುವುದಿಲ್ಲ ಎಂದ. ಚಿಕ್ಕಂದಿನಲ್ಲಿ ಒಮ್ಮೆ ಅಲೆಗೆ ಸಿಕ್ಕಿ ಬಿದ್ದವನು ಅಂದಿನಿಂದ ಪಾದ ಕೂಡ ತೋಯಿಸಿಲ್ಲ, ಭಾನುವಾರ ಹನ್ನೊಂದರವರೆಗೆ ಏಳುವುದಿಲ್ಲ, ಬಲೆಯ ಹಗ್ಗವನ್ನು ಎಂದಾದರೂ ಮುಟ್ಟಿದ್ದರೆ ಅದು ತನಗೆ ತಿಳಿಯದೆ ಆಗಿರಬೇಕು ಎಂದ. ಇರಲಿ, ಜನ ಪ್ರೀತಿಯಿಂದ ಏನೋ ಹೇಳಿರುತ್ತಾರೆ ಎಂದು ಸಮಾಧಾನ ಹೇಳಿ, ನಿಮ್ಮ ಬಗ್ಗೆಯೂ ಅಷ್ಟೇ, ನಿಮ್ಮೂರಿನ ಕುಟ್ಟನ್ ಎಷ್ಟು ಹೊಗಳಿದ ಗೊತ್ತೇ, ಶಿವನಂಜಪ್ಪನಂಥ ನೆರೆಯವನು ಸಿಗುವುದು ಏಳು ಜನ್ಮದ ಪುಣ್ಯವಂತೆ ಎಂದ.

ಶಿವನಂಜಪ್ಪ ಬೆಚ್ಚಿಬಿದ್ದ. ಕುಟ್ಟನ್ ಅವನ ಪಕ್ಕದ ಮನೆಯವನು. ಬೇಲಿಯ ಮೇಲೆ ಬಾಗಿದ ಹಲಸಿನ ಕೊಂಬೆಯ ವಿಷಯದಲ್ಲಿ ಆರು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ಅವನು ಹೊಗಳಬೇಕಾದರೆ ಯಾರೋ ಹೋಗಿ ಹೊಗಳು ಎಂದು ಬೇಡಿಕೊಂಡಿರಬೇಕು. ಆ ಮನೆಗೆ ತಮ್ಮ ಮನೆಯಿಂದ ಹೋಗಿಬರುವವರು ಒಬ್ಬರೇ. ಕುಟ್ಟನ ಮಗಳಿಗೆ ಚಂದನಾ ದಿನಾ ಸಂಜೆ ಪಾಠ ಹೇಳಿಕೊಡುತ್ತಿದ್ದಳು.

ಅವನು ಮೆಲ್ಲಗೆ, ಆ ಪ್ರೇಮಲತಾ ಟೀಚರ್ ಮೊದಲು ಎಲ್ಲಿ ಪಾಠ ಹೇಳುತ್ತಿದ್ದರು ಎಂದು ಕೇಳಿದ. ಕರಿಯಪ್ಪ ಕಾಲೇಜಿನ ಹೆಸರು ಹೇಳಿದ. ಅದು ಚಂದನಾ ಕಲ್ಲಿಕೋಟೆಯಲ್ಲಿ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದಿದ ಕಾಲೇಜು.

ಕರಿಯಪ್ಪ ತಾವು ಕುಳಿತಿದ್ದ ಗೋಡೆಯನ್ನು ಅಂಗೈಯಿಂದ ತಟ್ಟಿದ. "ಎರಡು ವರ್ಸ, ಸಂಜ ಹೊತ್ತು," ಎಂದ. "ಇದೇ ಜಾಗದಲ್ಲಿ ಭರತನ ಪಕ್ಕ ಒಂದು ಹುಡ್ಗಿ ಕೂತ್ಕಂಡು ಉಪ್ಪು ನೆಲ್ಲಿಕಾಯಿ ತಿಂತಿತ್ತು. ಗೇಟಿಂದ ಬೆನ್ನು ಮಾತ್ರ ಕಾಣ್ತಿತ್ತು. ಲೆಕ್ಕ ಹೇಳ್ಸ್ಕಳಕ ಬತ್ತದ ಅಂದ್ಕಂಡಿದ್ದಿ."

ಮತ್ತೆ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ದಲ್ಲಾಳಿಯನ್ನು ಪುಲ್ಪಳ್ಳಿಗೆ ಕಳಿಸಿದವರು ಯಾರು, ಇಲ್ಲಿ ಟೀಚರಿಗೂ ಮಿನಿಗೂ ಸುಮೇಶನಿಗೂ ಏನೇನು ಹೇಳಬೇಕೆಂದು ಕಲಿಸಿಕೊಟ್ಟವರು ಯಾರು, ತ್ರಿಶ್ಶೂರಿಗೆ ಹೋಗಿದ್ದ ಉಣ್ಣಿ ನಾಯರನನ್ನು ಬಿಟ್ಟು ಬೇರೆ ಯಾರಿಗೆಲ್ಲ ಇವನು ಬರುವುದು ಗೊತ್ತಿತ್ತು ಎಂಬುದನ್ನು ಇಬ್ಬರೂ ತಮ್ಮಷ್ಟಕ್ಕೆ ಲೆಕ್ಕಹಾಕಿಕೊಂಡರು. ಶಿವನಂಜಪ್ಪನಿಗೆ ಸಿಟ್ಟು ಬರಲಿಲ್ಲ. ದುಃಖವೇ ಆಯಿತು. ಹುಡುಗ ಎಂಥವನು ಎಂಬುದು ಬೆಳಿಗ್ಗೆ ಅವನಿಗೆ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತಿತ್ತು. ಮಗಳು ಎಂಥವಳು ಎಂದು ಬೆಳಿಗ್ಗೆ ಗೊತ್ತಿದ್ದದ್ದರಲ್ಲಿ ಮಾತ್ರ ಬಹಳಷ್ಟು ಕಡಿಮೆಯಾಗಿತ್ತು.

"ನೀವೇ ದಿಟ ಹೇಳಿ," ಎಂದ. "ನಿಮ್ ಮಗ ಹೆಂಗ?"

ಕರಿಯಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಇಂಥ ಕೆಲ್ಸ ಮಾಡೋಷ್ಟು ಬುದ್ಧಿ ಅದ ಅಂತ ನಂಗ ಗೊತ್ತಿರ್ನಿಲ್ಲ," ಎಂದ. "ನಿಮ್ ಮಗಳು?"

"ನಂಗೂ ಗೊತ್ತಿರ್ನಿಲ್ಲ," ಎಂದ ಶಿವನಂಜಪ್ಪ.

ಸಂಬಂಧ ಬೇಡವೆನ್ನಲು ಇಬ್ಬರ ಬಳಿಯೂ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳಿದರೆ ತಾವು ವೇಷ ಹಾಕಿದ್ದನ್ನೂ ಹೇಳಬೇಕಾಗುತ್ತಿತ್ತು. ಭಾನುವಾರ ಹತ್ತು ಗಂಟೆಗೆ ಬರುತ್ತೇವೆ, ನನ್ನನ್ನು ಮೊದಲ ಸಲ ನೋಡಿದ ಹಾಗೆ ಇರಿ ಎಂದು ಕರಿಯಪ್ಪ ಹೇಳಿದ. ಬಸ್ಸು ಬಂದಾಗ ಶಿವನಂಜಪ್ಪನ ಕೈಗೆ ನೋಟ್ ಪುಸ್ತಕ ಕೊಟ್ಟ. ಇಬ್ಬರೂ ಅಪರಿಚಿತರಂತೆ ಕೈಮುಗಿದರು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಪಂಚೆಯಲ್ಲಿ ಉಪ್ಪು ಒಣಗಿ ಬಿಳಿಯ ಗೆರೆಗಳಾಗಿದ್ದವು. ಒಳಗಿನ ಕೋಣೆಯಲ್ಲಿ ಚಂದನಾ ತಲೆತಗ್ಗಿಸಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಮಾನಂತವಾಡಿಯ ಕೆಲಸ ಆಯಿತೇ ಅಪ್ಪ ಎಂದು ತಲೆಯೆತ್ತದೆ ಕೇಳಿದಳು. ಆಯಿತು ಎಂದು ಅವನು ಜಗಲಿಯ ಮೇಲೆ ಕುಳಿತ. ಚಾಮುಂಡಮ್ಮ ನೀರು ತಂದುಕೊಟ್ಟು, ಮಗಳಿಗೆ ಕೇಳಿಸದಂತೆ ಹತ್ತಿರ ಬಗ್ಗಿದಳು.

"ಹುಡ್ಗ ಹೆಂಗಂತ?"

"ಒಳ್ಳೆಯವ್ನಂತ. ಕುಡಿಯಲ್ವಂತ, ಈಜ್ತಾನಂತ, ದಾನ ಮಾಡ್ತಾನಂತ."

"ಸರ್ಯಾಗಿ ವಿಚಾರ್ಸುದ್ರಾ? ಯಾರು ಹೇಳುದ್ರು?"

ಶಿವನಂಜಪ್ಪ ನೀರು ಕುಡಿದು ಲೋಟ ಕೆಳಗಿಟ್ಟ.

"ನಿನ್ ಮಗಳು," ಎಂದ.